ಕುದಿಸಬೇಡಿ ಎಂದು ಬರೆದ ಮಾನ್ಯರಿಗೆ

ಸುವಾಸಿತ ಚಹಾ ಚೀಲಗಳ ಡಬ್ಬಿಯ ಮೇಲೆ ವರ್ಣನೆ ಬರೆಯುವ ಮಾನ್ಯರೇ,

ತಮ್ಮ ಲೇಖನಿಗೆ, ಆ ಲೇಖನಿ ಹಿಡಿದ ಬೆರಳುಗಳಿಗೆ, ಆ ಬೆರಳುಗಳ ಪಕ್ಕದಲ್ಲಿ ಬಹುಶಃ ಮುಟ್ಟದೆಯೇ ಆರಿ ಹೋಗುತ್ತಿರುವ ತಮ್ಮ ಕಪ್ಪಿಗೆ ನನ್ನ ಅನಂತ ನಮಸ್ಕಾರಗಳು. ತಾವು ಯಾರು, ಎಲ್ಲಿ ಕೂತು ಬರೆಯುತ್ತೀರಿ, ಬರೆಯುವ ಮುಂಚೆ ಒಂದು ಗುಟುಕನ್ನಾದರೂ ಕುಡಿಯುತ್ತೀರೋ ಇಲ್ಲವೋ ಎಂಬುದು ನನಗೆ ತಿಳಿಯದು. ತಿಳಿಯದಿದ್ದರೂ ಗೌರವಕ್ಕೆ ಕೊರತೆಯಿಲ್ಲ. ಕುಡಿಯದೆಯೇ ಅಷ್ಟು ಬರೆಯಬಲ್ಲವರಾದರೆ ಗೌರವ ಇಮ್ಮಡಿಯಾಗಬೇಕಲ್ಲವೇ? ಕಂಪನಿಯ ಮಾಲೀಕರಿಗೆ ಬರೆಯಬಹುದಿತ್ತು. ಆದರೆ ಆ ಪುಣ್ಯಾತ್ಮರು ಮಾಡಿದ್ದು ಒಣಗಿದ ಹೂವು, ಸೊಪ್ಪು, ಸಿಪ್ಪೆಗಳನ್ನು ಚೀಲಕ್ಕೆ ತುಂಬಿದ್ದಷ್ಟೇ. ಅವನ್ನು ಕೈಹಿಡಿದು ನಮ್ಮ ಮನೆಯೊಳಕ್ಕೆ ನಡೆಸಿಕೊಂಡು ಬಂದದ್ದು ತಮ್ಮ ಮಾತು. ಆದ್ದರಿಂದ ಈ ದೂರು ಬೇರೆ ಯಾರಿಗೂ ಅಲ್ಲ, ತಮಗೇ ಸಲ್ಲತಕ್ಕದ್ದು.

ಮೊದಲು ನನ್ನ ಪರಿಚಯ. ನಾನು ಬಟ್ಟೆ ಹೊಲಿಯುವವಳು. ಹೊಸದನ್ನು ಹೊಲಿಯುವುದಕ್ಕಿಂತ ಹಳೆಯದನ್ನು ಬಿಚ್ಚಿ ಸರಿಮಾಡುವುದೇ ಹೆಚ್ಚು: ದಪ್ಪಗಾದವರ ಸೊಂಟ ಬಿಡಿಸುವುದು, ಸಣ್ಣಗಾದೆ ಎಂದುಕೊಂಡವರ ಸೊಂಟವನ್ನು ಹಿಡಿದು ಮತ್ತೆ ಬಿಡಿಸುವುದು, ಕೈಕೊಟ್ಟ ಜಿಪ್ಪು ಬದಲಾಯಿಸುವುದು. ಮನೆಯ ಮುಂದಿನ ಕೋಣೆಯಲ್ಲೇ ನನ್ನ ಯಂತ್ರ. ನಮ್ಮವರು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುತ್ತಾರೆ. ಮನೆಗೆ ಬಂದರೆ ಮಹಡಿ ಹತ್ತಿ ಕೆಟ್ಟುಹೋದ ರೇಡಿಯೋಗಳನ್ನು ಬಿಚ್ಚಿ ಇನ್ನಷ್ಟು ಕೆಡಿಸುತ್ತಾರೆ. ಮಗಳು ಮಹಡಿಯ ಇನ್ನೊಂದು ಕೋಣೆಯಲ್ಲಿ ಪರೀಕ್ಷೆಗೆ ಓದುತ್ತಾಳೆ, ಅಥವಾ ಓದುತ್ತಿದ್ದೇನೆಂದು ಹೇಳುತ್ತಾಳೆ. ನಾಲ್ಕನೆಯವರು ಮಾವನವರು. ಜೀವಮಾನವೆಲ್ಲ ಬಸ್ಸಿನ ಕಂಡಕ್ಟರಾಗಿದ್ದು ನಿವೃತ್ತರಾದವರು. ಚೀಲ ಮತ್ತು ಸೀಟಿಯನ್ನು ಡಿಪೋಗೆ ಒಪ್ಪಿಸಿ ಬಂದರೇ ಹೊರತು ಗಂಟಲನ್ನು ಒಪ್ಪಿಸಿ ಬರಲಿಲ್ಲ. ಅತ್ತೆಯವರು ತೀರಿಕೊಂಡ ಮೇಲೆ ಈ ಮನೆಯಲ್ಲಿ ಅವರು ಕೇಳಿ ಪಡೆದುಕೊಂಡ ಅಧಿಕಾರ ಒಂದೇ ಒಂದು, ಸಂಜೆಯ ಟೀ.

ಮಾವನ ಟೀ ಬಹಳ ಚೆನ್ನಾಗಿರುತ್ತಿತ್ತು ಎಂದು ನಾನು ಬರೆದರೆ ತಮ್ಮ ಬರವಣಿಗೆಯ ಮಟ್ಟಕ್ಕೆ ಇಳಿದಂತಾದೀತು. ಚೆನ್ನಾಗಿರುತ್ತಿರಲಿಲ್ಲ. ಪುಡಿಯನ್ನು ಕುದಿಸಿ ಕುದಿಸಿ ಅದರ ಪ್ರಾಣ ಹೀರುತ್ತಿದ್ದರು. ಸಕ್ಕರೆ ಹಾಕುವಾಗ ಆ ಕೈಗೆ ಬ್ರೇಕೇ ಇರುತ್ತಿರಲಿಲ್ಲ. ಕೆನೆ ಕಟ್ಟಿದರೆ ಊದಿ ಬದಿಗೆ ಸರಿಸಿ ಏನೂ ಆಗದವರಂತೆ ಸೋಸುತ್ತಿದ್ದರು. ಆದರೆ ಪಾತ್ರೆಯನ್ನು ಒಲೆಯಿಂದ ಇಳಿಸಿದ ತಕ್ಷಣ ಅಡುಗೆಮನೆಯ ಬಾಗಿಲಲ್ಲಿ ಒಂದು ಕೈಯಿಂದ ಚೌಕಟ್ಟು ಹಿಡಿದು ನಿಂತು, ಓಡುವ ಗಾಡಿಯ ಮೆಟ್ಟಿಲ ಮೇಲೆ ನಿಂತವರ ಹಾಗೆ ತುಸು ಹೊರಗೆ ಬಾಗಿ, ‘ಇಳಿಯೋರೆಲ್ಲ ಇಳೀರಿ! ಟೀ ಇಳಿಸಿದೀನಿ, ಇಳೀರಿ!’ ಎಂದು ಕೂಗುತ್ತಿದ್ದರು ನೋಡಿ, ಆ ಕೂಗಿಗೆ ಮಹಡಿಯ ಇಬ್ಬರೂ ಗೊಣಗುತ್ತಾ ಇಳಿದು ಬರಲೇಬೇಕಿತ್ತು, ನಾನು ಸೂಜಿಯನ್ನು ಅರ್ಧ ಹೊಲಿಗೆಯಲ್ಲೇ ಬಿಟ್ಟು ಏಳಲೇಬೇಕಿತ್ತು. ಅವರು ತಲೆ ಎಣಿಸುತ್ತಿದ್ದರು. ಒಂದು ತಲೆ ಕಡಿಮೆಯಿದ್ದರೂ ಸುರಿಯುತ್ತಿರಲಿಲ್ಲ. ಎಲ್ಲರ ಕೈಗೂ ಲೋಟ ಬಂದ ಮೇಲೆ ‘ರೈಟ್!’ ಎನ್ನುತ್ತಿದ್ದರು, ಆಮೇಲೆಯೇ ಮೊದಲ ಗುಟುಕು. ಆ ಟೀ ಆರುವಷ್ಟರಲ್ಲಿ ಮನೆಯ ಸಕಲ ಪಂಚಾಯಿತಿಯೂ ಆಗಿಹೋಗುತ್ತಿತ್ತು: ನಲ್ಲಿ ತೆರೆದಿಟ್ಟವರು ಯಾರು, ಕೋಟು ಒಯ್ದ ಗಿರಾಕಿ ಏನೆಂದು ಗೊಣಗಿದ, ಮಗಳ ಅಂಕಗಳೆಲ್ಲಿ ಕಾಣೆಯಾದವು, ಅವಳಪ್ಪನ ರೇಡಿಯೋ ಇನ್ನೂ ಯಾಕೆ ಮಾತಾಡುತ್ತಿಲ್ಲ. ಜಗಳವೂ ಆಗುತ್ತಿತ್ತು, ನಗುವೂ ಆಗುತ್ತಿತ್ತು. ಕೆಟ್ಟ ಟೀ ಎಂಬ ಒಂದು ವಿಷಯದಲ್ಲಿ ಮಾತ್ರ ಎಲ್ಲರಿಗೂ ಒಮ್ಮತವಿತ್ತು.

ಅಂಥ ಮನೆಗೆ ತಾವು ದಯಮಾಡಿಸಿದಿರಿ. ತಮ್ಮನ್ನು ಹೊತ್ತು ತಂದವಳು ನನ್ನ ನಾದಿನಿ. ಅವಳು ಹೆಲ್ತ್ ಕ್ಲಬ್ಬಿಗೆ ಸೇರಿದ ದಿನದಿಂದ ನನ್ನ ಮಗಳು ಅವಳಿಗೆ ಡಯಟ್ ಅತ್ತೆ ಎಂದು ನಾಮಕರಣ ಮಾಡಿದ್ದಾಳೆ. ಡಬ್ಬಿಯನ್ನು ಮೇಜಿನ ಮೇಲಿಟ್ಟು, ‘ಅತ್ತಿಗೆ, ಅಪ್ಪನ ಟೀ ಅಂದ್ರೆ ಪೂರಾ ವಿಷ. ಇನ್ಮೇಲೆ ಇದನ್ನೇ ಕುಡೀರಿ, ಒಳಗಿರೋದೆಲ್ಲ ಕ್ಲೀನಾಗುತ್ತೆ’ ಎಂದಳು. ಒಳಗಿರುವುದನ್ನೆಲ್ಲ ಕ್ಲೀನು ಮಾಡಲು ನಾವೇನು ಮೋರಿಯೇ ಎಂದು ಕೇಳಬೇಕೆನಿಸಿತು. ಆದರೆ ತಗಡಿನ ಆ ಡಬ್ಬಿ ನೋಡಲು ಅಷ್ಟು ಚೆಂದವಿತ್ತು, ಮುಚ್ಚಳ ಅಷ್ಟು ಬಿಗಿಯಾಗಿ ಕೂರುತ್ತಿತ್ತು, ಒಳಗೆ ಹನ್ನೆರಡು ಬಗೆಯ ಚೀಲಗಳು ಇಸ್ತ್ರಿ ಮಾಡಿದ ಕರವಸ್ತ್ರಗಳ ಹಾಗೆ ಸಾಲಾಗಿ ಕೂತಿದ್ದವು. ಕೇಳುವುದು ಬಿಟ್ಟು ಮುಚ್ಚಳವನ್ನು ತೆಗೆದು ಹಾಕಿ ನೋಡಿದೆ. ಮಾವನವರು ಕನ್ನಡಕ ಏರಿಸಿ ಮುಚ್ಚಳದ ಮೇಲಿನ ಅಕ್ಷರಗಳನ್ನು ಒಂದೊಂದಾಗಿ ಓದಿದರು. ಕೊನೆಗೆ, ಎಲ್ಲಕ್ಕಿಂತ ದಪ್ಪಕ್ಷರದಲ್ಲಿ ತಾವು ಅಪ್ಪಣೆ ಕೊಡಿಸಿದ್ದ ‘ಕುದಿಸಬೇಡಿ’ ಎಂಬಲ್ಲಿಗೆ ಬಂದು ನಿಂತರು. ‘ಕುದಿಸ್ಬಾರ್ದಂತೆ’ ಎಂದರು. ಯಾರೂ ಕೇಳದಿದ್ದರೂ, ‘ಮತ್ತೆ ನಾನೇನು ಮಾಡ್ಲಿ?’ ಎಂದರು.

ಇನ್ನು ಆಸ್ವಾದನೆಯ ವಿಚಾರಕ್ಕೆ ಬರುತ್ತೇನೆ. ಕ್ಯಾಮೊಮೈಲ್ ಎಂಬ ಹೂವಿನ ಚಹಾವನ್ನು ತಾವು ‘ನಿದ್ರೆಯ ಹೊಲಗಳಲ್ಲೊಂದು ಮೃದು ನಡಿಗೆ’ ಎಂದು ಬಣ್ಣಿಸಿದ್ದೀರಿ. ಬೇಸಿಗೆಯಲ್ಲಿ ಮಡಚಿಟ್ಟ ಕಂಬಳಿಯನ್ನು ತೆಗೆದಾಗ ಬರುವ ವಾಸನೆ ನಮಗೆ ಬಂತು. ಆದರೂ ನಿದ್ರೆಯ ವಿಷಯದಲ್ಲಿ ತಾವು ಸುಳ್ಳಾಡಿಲ್ಲವೆಂದು ಒಪ್ಪಿಕೊಳ್ಳುತ್ತೇನೆ: ಹಾಡಹಗಲೇ ಅದನ್ನು ಕುಡಿದು ಯಂತ್ರದ ಮುಂದೆ ಕೂತ ನಾನು ತೂಕಡಿಸುತ್ತಾ ಒಬ್ಬ ದಂತವೈದ್ಯರ ಪ್ಯಾಂಟಿನ ಎರಡೂ ಜೇಬುಗಳ ಬಾಯನ್ನು ಅಂಚು ಸಮೇತ ಹೊಲಿದುಬಿಟ್ಟೆ. ಊರವರ ಬಾಯಿ ತೆರೆಸುವ ಆ ಮಹಾಶಯರು ತಮ್ಮ ಜೇಬಿನ ಬಾಯಿ ತೆರೆಯಲಾಗದೆ ಅಂಗಡಿಯೊಂದರ ಮುಂದೆ ಒದ್ದಾಡಿದರಂತೆ. ಅವರು ಬಂದು ನನಗೆ ಹೇಳಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ತಮ್ಮ ಮುಂದಿನ ಡಬ್ಬಿಗೆ ವರ್ಣನೆಯಾಗಿ ಬೇಕಿದ್ದರೆ ಪ್ರತ್ಯೇಕವಾಗಿ ಕಳುಹಿಸಿಕೊಡುತ್ತೇನೆ.

‘ಕಾಡುಹಣ್ಣಿನ ನೀಲಿ ರಹಸ್ಯ’ ಎಂಬುದರಲ್ಲಿ ರಹಸ್ಯವೇನೂ ಇರಲಿಲ್ಲ. ಶಾಲೆಯ ಮಕ್ಕಳ ಪೆಟ್ಟಿಗೆಯಲ್ಲಿ ಹಣ್ಣಿನ ವಾಸನೆಯ ರಬ್ಬರು ಇರುತ್ತದಲ್ಲ, ಅದರದ್ದೇ ಘಮ. ಚಿಕ್ಕವಳಿದ್ದಾಗ ಅದನ್ನು ಕಚ್ಚಿ ಅಮ್ಮನ ಕೈಯಲ್ಲಿ ಏಟು ತಿಂದವಳು ನಾನು, ರುಚಿ ಮರೆತಿಲ್ಲ. ಪುದೀನದ್ದು ಹಲ್ಲುಜ್ಜಿ ಬಾಯಿ ಮುಕ್ಕಳಿಸುವಾಗ ಅಕಸ್ಮಾತ್ತಾಗಿ ನುಂಗಿದ ಅನುಭವ. ‘ಗುಲಾಬಿಯ ಪ್ರಥಮ ಲಜ್ಜೆ’ಯನ್ನು ಮಾವನವರು ಮೂಗಿನ ಹತ್ತಿರ ಹಿಡಿದು, ‘ಇದು ಕುಡಿಯೋದಕ್ಕಾ, ಕೈ ತೊಳೆಯೋದಕ್ಕಾಮ್ಮಾ?’ ಎಂದು ಕೇಳಿದರು. ದಾಸವಾಳದ್ದು ಕೆಂಪೋ ಕೆಂಪು, ಹುಳಿಯೋ ಹುಳಿ. ನಮ್ಮವರು ಒಂದು ಕಣ್ಣನ್ನು ಬಿಗಿಯಾಗಿ ಮುಚ್ಚಿಕೊಂಡು ‘ಚೆನ್ನಾಗಿದೆ’ ಎಂದರು. ತಂಗಿ ತಂದದ್ದು, ಪಾಪ, ಇನ್ನೇನು ಹೇಳಿಯಾರು! ಹೊಗೆಯಲ್ಲಿ ಒಣಗಿಸಿದ ಚಹಾ ಒಂದಿತ್ತು, ‘ಪರ್ವತದ ಸಂಜೆ’ ಎಂದು. ಆ ಪರ್ವತದ ಸಂಜೆ ನಮ್ಮ ಮನೆಯಲ್ಲಿ ಇಳಿದ ಕೂಡಲೇ ಪಕ್ಕದ ಮನೆಯಾಕೆ ಬಾಗಿಲು ಬಡಿದು ‘ನಿಮ್ಮಲ್ಲಿ ಏನೋ ವೈರ್ ಸುಡ್ತಿದೆ ನೋಡ್ರೀ’ ಎಂದು ಗಾಬರಿಯಾದರು. ನಮ್ಮವರು ಕಪ್ಪನ್ನು ಕೈಯಲ್ಲೇ ಹಿಡಿದುಕೊಂಡು ಮೇನ್ ಸ್ವಿಚ್ ಆರಿಸಿ, ಕತ್ತಲಲ್ಲಿ ಎಲ್ಲ ಪ್ಲಗ್ಗುಗಳನ್ನೂ ಮೂಸಿ ನೋಡುತ್ತಾ ತಿರುಗಿದರು.

ವೆನಿಲಾ ಬಗ್ಗೆ ಮಾತ್ರ ನನಗೆ ಕೋಪವಲ್ಲ, ನಿಜವಾದ ದುಃಖವಿದೆ. ಅದರ ಪರಿಮಳ ಎಷ್ಟು ಚೆನ್ನಾಗಿತ್ತೆಂದರೆ ಬೇಕರಿಯ ಬಾಗಿಲು ತೆರೆದಂತಾಯಿತು. ಆಸೆಯಿಂದ ದೊಡ್ಡ ಗುಟುಕು ಎಳೆದೆ. ಬರೀ ಬಿಸಿನೀರು. ಅಲ್ಲ ಮಾನ್ಯರೇ, ಮೂಗಿಗೆ ಮಾತು ಕೊಟ್ಟು ನಾಲಿಗೆಗೆ ಕೈ ಕೊಡುವ ಈ ವಿದ್ಯೆಯನ್ನು ತಾವು ಎಲ್ಲಿ ಕಲಿತಿರಿ? ಒಂದು ತೋಳು ಮಾತ್ರ ಹೊಲಿದು ಅಂಗಿ ಎಂದು ಕೊಟ್ಟರೆ ನನ್ನ ಗಿರಾಕಿಗಳು ನನ್ನನ್ನು ಬಿಡುತ್ತಾರೆಯೇ? ತಮ್ಮ ಗಿರಾಕಿಗಳು ತಮಗೆ ಬಹುಮಾನ ಕೊಡುತ್ತಾರಂತೆ. ಡಬ್ಬಿಯ ಮೇಲೆ ಪದಕದ ಚಿತ್ರವೂ ಇದೆ.

ಇಷ್ಟೇ ಆಗಿದ್ದರೆ ನಾನು ಕಾಗದ ಹಾಳುಮಾಡುತ್ತಿರಲಿಲ್ಲ. ರುಚಿ ಕೆಟ್ಟದ್ದಕ್ಕೆ ದೂರು ಕೊಡುವ ಮನೆ ನಮ್ಮದಲ್ಲ, ಅದಕ್ಕೆ ಮಾವನವರ ತರಬೇತಿಯಿದೆ. ತಮ್ಮ ಚೀಲದ ನಿಜವಾದ ಮಹಿಮೆ ರುಚಿಯಲ್ಲಿಲ್ಲ, ದಾರದಲ್ಲಿದೆ. ಒಬ್ಬರಿಗೆ ಒಂದು ಚೀಲ, ಒಂದು ದಾರ, ಒಂದು ಕಪ್ಪು. ಕಾಯಬೇಕಾಗಿಲ್ಲ, ಕರೆಯಬೇಕಾಗಿಲ್ಲ, ಹಂಚಬೇಕಾಗಿಲ್ಲ. ಮಗಳು ನೀರು ಕಾಯಿಸುವ ಕೆಟಲನ್ನೇ ಮಹಡಿಗೆ ಒಯ್ದಳು. ನಮ್ಮವರು ಅದರಿಂದಲೇ ಬಿಸಿನೀರು ಬಗ್ಗಿಸಿಕೊಂಡು, ಚೀಲ ಇಳಿಬಿಟ್ಟುಕೊಂಡು, ರೇಡಿಯೋಗಳ ಜೊತೆ ಕೂತರು. ನಾನೂ ಬಿಸಿನೀರಿನ ಫ್ಲಾಸ್ಕನ್ನೂ ನನ್ನ ಕಪ್ಪನ್ನೂ ಯಂತ್ರದ ಪಕ್ಕದಲ್ಲೇ ಇಟ್ಟುಕೊಳ್ಳತೊಡಗಿದೆ, ಏಳುವ ಕೆಲಸವೇ ತಪ್ಪಿತು. ‘ನಿಮ್ಮದೇ ಕ್ಷಣ, ನಿಮ್ಮದೇ ಮೌನ’ ಎಂದು ತಾವು ಮುಚ್ಚಳದ ಒಳಗೆ ಬರೆದಿದ್ದೀರಲ್ಲ, ಅದೊಂದು ಮಾತು ಅಕ್ಷರಶಃ ನಿಜವಾಯಿತು. ಎಂಥ ಮೌನ! ನಲ್ಲಿ ತೆರೆದಿಟ್ಟವರು ಯಾರೆಂದು ಕೇಳುವವರಿಲ್ಲ. ಮಗಳು ರಸಾಯನಶಾಸ್ತ್ರದಲ್ಲಿ ನಪಾಸಾದದ್ದು ನನಗೆ ಗೊತ್ತಾದದ್ದು ಗುಂಡಿ ಹಾಕಿಸಿಕೊಳ್ಳಲು ಬಂದ ಅವಳ ಗೆಳತಿಯಿಂದ.

ಮಾವನವರು ಮೊದಲಿಗೆ ರೂಢಿಯಂತೆ ಸಂಜೆ ಅಡುಗೆಮನೆಗೆ ಹೋಗಿ, ಪಾತ್ರೆ ಕೈಯಲ್ಲಿ ಹಿಡಿದು, ‘ಯಾರಿಗಾದ್ರೂ ಇಡ್ಲಾ?’ ಎಂದು ಕೇಳುತ್ತಿದ್ದರು. ಮೇಲಿನಿಂದ ‘ನನ್ದಾಯ್ತು ತಾತಾ’ ಎಂದೂ, ‘ನಂಗೂ ಆಯ್ತಪ್ಪಾ’ ಎಂದೂ ಬರುತ್ತಿತ್ತು. ಕೆಲವು ದಿನ ಹೀಗೆ ನಡೆದು, ಒಂದು ಸಂಜೆ ಪಾತ್ರೆಯನ್ನು ತಿಕ್ಕಿ ತೊಳೆದು ಒರೆಸಿ ಮೊಳೆಗೆ ನೇತುಹಾಕಿದರು. ಆಮೇಲೆ ಆ ಹೊತ್ತಿಗೆ ಮುಂಬಾಗಿಲ ಮೆಟ್ಟಿಲ ಮೇಲೆ ಕೂತು ರಸ್ತೆಯ ಬಸ್ಸುಗಳನ್ನು ನೋಡುವುದೇ ಅವರ ಕೆಲಸವಾಯಿತು. ನನ್ನ ಕಿಟಕಿಯಿಂದ ಅವರ ಬೆನ್ನು ಕಾಣುತ್ತದೆ. ಜನ ತುಂಬಿದ ಬಸ್ಸು ಬಂದರೆ ಬೆನ್ನು ನೆಟ್ಟಗಾಗುತ್ತಿತ್ತು. ಒಂದು ದಿನ ತಡೆಯಲಾರದೆ ‘ಮಾವ, ನಿಮಗೆ ಬೇಕಾದ್ರೆ ನೀವು ಮಾಡ್ಕೊಂಡು ಕುಡೀರಿ, ಯಾರು ಬೇಡ ಅಂದ್ರು?’ ಎಂದೆ. ಅವರು ರಸ್ತೆಯ ಕಡೆಯಿಂದ ತಿರುಗದೆಯೇ, ‘ಒಬ್ಬನಿಗೋಸ್ಕರ ಗಾಡಿ ಬಿಡ್ತಾರೇನಮ್ಮಾ? ಎಲ್ಲರಿಗೂ ಸ್ವಂತ ಗಾಡಿ ಬಂತು. ಇನ್ನು ಬಸ್ಸು ಯಾರಿಗೆ ಬೇಕು?’ ಎಂದರು. ದಿನವೂ ಅರಚಿ ಅರಚಿ ನಮ್ಮ ತಲೆ ತಿನ್ನುತ್ತಿದ್ದ ಮನುಷ್ಯ, ಊಟಕ್ಕೆ ಕರೆದರೂ ಕೇಳಿಸದಷ್ಟು ಮೆಲ್ಲಗೆ ‘ಬಂದೆ’ ಎನ್ನತೊಡಗಿದ್ದರು. ಒಳಗಿರುವುದೆಲ್ಲ ಕ್ಲೀನಾಗುತ್ತದೆ ಎಂದು ನಾದಿನಿ ಹೇಳಿದ್ದು ಇದನ್ನೇ ಇರಬೇಕು.

ಹೀಗಿರುವಾಗ ಒಂದು ಭಾನುವಾರ, ನಾವು ಮೂವರೂ ನಮ್ಮ ನಮ್ಮ ಕೋಣೆಗಳಲ್ಲಿ ನಮ್ಮ ನಮ್ಮ ಮೌನವನ್ನು ಹೀರುತ್ತಿದ್ದಾಗ, ಮನೆಯೊಳಗೆ ಒಂದು ವಾಸನೆ ಎದ್ದಿತು. ಅದರಲ್ಲಿ ಗುಲಾಬಿಯಿತ್ತು, ಸುಟ್ಟ ವೈರಿತ್ತು, ಟೂತ್‌ಪೇಸ್ಟು, ರಬ್ಬರು, ಕಂಬಳಿ, ಬೇಕರಿ ಎಲ್ಲವೂ ಇದ್ದವು. ಏನಪ್ಪಾ ಇದು ಎಂದು ನಾನು ಮೂಗು ಮೇಲೆತ್ತುವಷ್ಟರಲ್ಲಿ, ‘ಇಳಿಯೋರೆಲ್ಲ ಇಳೀರಿ!’ ಎಂದು ಕಿಟಕಿಯ ಗಾಜು ನಡುಗುವಂತೆ ಕೂಗು ಬಂತು. ಆ ಕೂಗು ಕೇಳಿ ಎಷ್ಟು ಕಾಲವಾಗಿತ್ತೆಂದರೆ, ಯಾರೋ ಬಿದ್ದರೆಂದು ಮಗಳು ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿ ಬಂದಳು, ನಮ್ಮವರು ಅರ್ಧ ಗಡ್ಡಕ್ಕೆ ಸೋಪು ಹಚ್ಚಿಕೊಂಡೇ ಇಳಿದರು, ನಾನು ಕೊರಳಲ್ಲಿ ಅಳತೆಪಟ್ಟಿ ನೇತುಹಾಕಿಕೊಂಡು ಓಡಿದೆ.

ಮಾವನವರು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಕಟ್ಟೆಯ ಮೇಲೆ ತಮ್ಮ ಡಬ್ಬಿ ಖಾಲಿಯಾಗಿ ಬಾಯಿ ತೆರೆದಿತ್ತು, ಅದರ ಪಕ್ಕದಲ್ಲಿ ಕತ್ತರಿಸಿದ ಚೀಲಗಳ ರಾಶಿ, ರಾಶಿಯ ಮೇಲೆ ನನ್ನ ಕತ್ತರಿ. ಬಟ್ಟೆ ಬಿಟ್ಟು ಬೇರೆ ಏನನ್ನೂ ಮುಟ್ಟಿಸದ, ಮಗಳು ಕಾಗದ ಕತ್ತರಿಸಿದ್ದಕ್ಕೆ ನಾನು ಮನೆಯನ್ನೇ ತಲೆಕೆಳಗು ಮಾಡಿದ್ದ ಕತ್ತರಿ. ಪಾತ್ರೆಯಲ್ಲಿ ಉಳಿದ ಅಷ್ಟೂ ಚೀಲಗಳ ಸರಕನ್ನು ಸುರಿದು, ಹಾಲು ಹಾಕಿ, ಧಾರಾಳವಾಗಿ ಸಕ್ಕರೆ ಬೆರೆಸಿ, ತಮ್ಮ ದಪ್ಪಕ್ಷರದ ಅಪ್ಪಣೆಯನ್ನು ಮೀರಿ ಕೊತಕೊತ ಕುದಿಸಿದ್ದರು. ‘ಒಬ್ಬೊಬ್ಬರಿಗೆ ಒಂದೊಂದು ಬೇಕು ಅಂತೀರಲ್ಲ, ಎಲ್ಲರದ್ದೂ ಹಾಕಿದೀನಿ. ಯಾರದ್ದೂ ಬಿಟ್ಟಿಲ್ಲ. ಇವಾಗ ಯಾರೂ ನನ್ದಾಯ್ತು ಅನ್ನೋ ಹಂಗಿಲ್ಲ’ ಎಂದರು. ನಾನು ಕತ್ತರಿಯನ್ನು ಸೆರಗಿನಲ್ಲಿ ಒರೆಸಿ ಬದಿಗಿಟ್ಟೆ.

ಆದರೆ ದಾಸವಾಳ ಮತ್ತು ನಿಂಬೆಸಿಪ್ಪೆಯ ಹುಳಿ ಮಾವನವರ ಲೆಕ್ಕದಲ್ಲಿರಲಿಲ್ಲ. ಹಾಲು ಒಡೆದು ಚೂರುಚೂರಾಗಿತ್ತು. ಪಾತ್ರೆಯಲ್ಲಿ ನೇರಳೆ ಬಣ್ಣದ ನೀರು, ಅದರ ಮೇಲೆ ಬೂದುಬಣ್ಣದ ಗಂಟುಗಳು, ಅಲ್ಲಲ್ಲಿ ಒಂದು ಪಕಳೆ. ಅವರು ತಲೆ ಎಣಿಸಿದರು, ಸೋಸಿದರು, ಎಲ್ಲರ ಕೈಗೂ ಲೋಟ ಕೊಟ್ಟರು, ‘ರೈಟ್!’ ಎಂದರು. ನಾವು ಕುಡಿದೆವು. ಮಗಳು ಬಾಯಿ ತುಂಬಿಕೊಂಡೇ ಸಿಂಕಿನ ಕಡೆ ಓಡಿದಳು. ನಮ್ಮವರು, ಅರ್ಧ ಗಡ್ಡದ ಸೋಪಿನ ಸಮೇತ, ಒಂದು ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ‘ಚೆನ್ನಾಗಿದೆ’ ಎಂದರು. ಮಗಳು ಸಿಂಕಿನಿಂದಲೇ ‘ತಾತಾ, ಇದು ಟೀ ಅಲ್ಲ, ಆಕ್ಸಿಡೆಂಟು!’ ಎಂದು ಕಿರುಚಿದಳು. ಮಾವನವರು ತಮ್ಮ ಲೋಟದಿಂದ ಇನ್ನೊಂದು ಗುಟುಕು ಎಳೆದು, ಅದನ್ನು ಬಾಯಲ್ಲಿ ತಿರುಗಿಸಿ, ಗಂಭೀರವಾಗಿ ನುಂಗಿ, ‘ಗಾಡಿ ಕೆಟ್ಟಿದೆ. ಎಲ್ಲ ಇಳಿದು ತಳ್ರಪ್ಪಾ’ ಎಂದರು.

ನಾವು ನಕ್ಕ ನಗುವಿಗೆ ಪಕ್ಕದ ಮನೆಯಾಕೆ ಮತ್ತೆ ಬಾಗಿಲು ಬಡಿದರು. ಆಮೇಲೆ ತಳ್ಳಿದೆವು, ಇನ್ನೇನು ಮಾಡುವುದು? ಒಬ್ಬರು ಪಾತ್ರೆ ಉಜ್ಜಿದರು, ಒಬ್ಬರು ಹಾಲು ತರಲು ಓಡಿದರು, ನಾನು ಅಟ್ಟದ ಮೇಲಿಂದ ಹಳೆಯ ಟೀಪುಡಿ ಇಳಿಸಿದೆ. ಹಾಲು ಒಡೆಸಿದ್ದು ದಾಸವಾಳವೋ ನಿಂಬೆಯೋ ಎಂಬ ವಿಷಯಕ್ಕೆ ಅಪ್ಪನಿಗೂ ಮಗಳಿಗೂ ಜೋರು ಜಗಳವಾಯಿತು. ಅಷ್ಟು ಆಮ್ಲ ಗೊತ್ತಿದ್ದವಳು ನಪಾಸು ಹೇಗಾದೆ ಎಂದು ನಾನು ಕೇಳಿದೆ. ಅವಳು ಅತ್ತಳು, ಬೈಸಿಕೊಂಡಳು, ತಾತನ ಪಕ್ಕದಲ್ಲಿ ಹೋಗಿ ಕೂತಳು. ಮಾವನವರು ಮಧ್ಯೆ ಬಾಯಿ ಹಾಕದೆ ಒಲೆಯ ಮುಂದೆ ನಿಂತು ಟೀಪುಡಿಯ ಪ್ರಾಣ ತೆಗೆಯುತ್ತಿದ್ದರು. ಆ ದಿನದ ಟೀ ಎಂದಿನಂತೆ ಕೆಟ್ಟದಾಗಿತ್ತು. ಪ್ರತಿಯೊಬ್ಬರೂ ಎರಡು ಲೋಟ ಕುಡಿದೆವು.

ಆದಕಾರಣ ಮಾನ್ಯರಲ್ಲಿ ನನ್ನ ವಿನಮ್ರ ಬೇಡಿಕೆಗಳು. ತಮ್ಮ ಚೀಲದ ದಾರವನ್ನು ಮಹಡಿಯ ಕೋಣೆಯಿಂದ ಅಡುಗೆಮನೆಯವರೆಗೆ ಎಟುಕುವಷ್ಟು ಉದ್ದ ಮಾಡತಕ್ಕದ್ದು. ಕೆಳಗಿನಿಂದ ಒಮ್ಮೆ ಜಗ್ಗಿದರೆ ಕಪ್ಪು ಹಿಡಿದವರು ಕಪ್ಪಿನ ಸಮೇತ ಇಳಿದು ಬರಬೇಕು. ಅದು ಸಾಧ್ಯವಿಲ್ಲವಾದರೆ, ಬಿಸಿನೀರಿಗೆ ಬಿದ್ದೊಡನೆ ಕಂಡಕ್ಟರರ ದನಿಯಲ್ಲಿ ಕೂಗುವ ಚೀಲವೊಂದನ್ನು ಸಿದ್ಧಪಡಿಸತಕ್ಕದ್ದು; ತಲೆ ಎಣಿಸಿ, ಒಂದು ಕಡಿಮೆಯಿದ್ದರೆ ಬಣ್ಣ ಬಿಡಲು ಅದು ನಿರಾಕರಿಸಬೇಕು. ಅದೂ ಆಗದಿದ್ದರೆ ಹದಿಮೂರನೆಯ ಸುವಾಸನೆಯೊಂದನ್ನು ತಯಾರಿಸಿ: ಅದರಲ್ಲಿ ನಲ್ಲಿಯ ಜಗಳ, ರೇಡಿಯೋದ ಗೊರಗೊರ, ಕಾಣೆಯಾದ ಅಂಕಗಳು ಮತ್ತು ಕೆನೆ ಊದಿದ ಒಬ್ಬ ಹಿರಿಯರ ಉಸಿರು ತಕ್ಕ ಪ್ರಮಾಣದಲ್ಲಿರಲಿ. ಅದಕ್ಕೆ ವರ್ಣನೆ ಬರೆಯುವ ಮುಂಚೆ ಮಾತ್ರ ದಯವಿಟ್ಟು ಒಂದು ಸಂಜೆ ನಮ್ಮ ಮನೆಗೆ ಬನ್ನಿ. ತಾವು ಬಂದರೆ ತಲೆ ಐದಾಗುತ್ತದೆ, ಮಾವನವರು ಎಣಿಸಿಕೊಳ್ಳುತ್ತಾರೆ. ಕುಡಿಯದೆ ಬಿಡುವುದಿಲ್ಲ.

ತಮ್ಮ ಮೌನವನ್ನು ತಮಗೇ ಮರಳಿಸಿ, ಗದ್ದಲದ ನಡುವೆ ಕೂತು ಇದನ್ನು ಬರೆದಿರುವ,

ತಮ್ಮ ವಿಶ್ವಾಸಿ,
ಮುಂದಿನ ಕೋಣೆಯ ಹೊಲಿಗೆಯವಳು

ತಾ.ಕ.: ಡಬ್ಬಿಯ ಬಗ್ಗೆ ನಮ್ಮ ಮೆಚ್ಚುಗೆ ಪ್ರಾಮಾಣಿಕವಾದದ್ದು, ಮಾವನವರು ಈಗ ನಮ್ಮ ಟೀಪುಡಿಯನ್ನು ಅದರಲ್ಲೇ ಇಡುತ್ತಾರೆ. ಮುಂದಿನ ಸಲ ಖಾಲಿ ಡಬ್ಬಿಯನ್ನೇ ಕಳುಹಿಸಿ, ತುಂಬುವ ಶ್ರಮ ತಮಗೆ ಬೇಡ. ಹಾಗೆಯೇ, ತಮ್ಮ ಅನುಮತಿಯಿಲ್ಲದೆ ಮುಚ್ಚಳದ ಬರಹದಲ್ಲಿ ಒಂದು ಸಣ್ಣ ತಿದ್ದುಪಡಿಯಾಗಿದೆ, ಕ್ಷಮೆಯಿರಲಿ. ‘ಕುದಿಸಬೇಡಿ’ ಎಂಬಲ್ಲಿ ಕೊನೆಯ ಎರಡು ಅಕ್ಷರಗಳನ್ನು ಮಾವನವರು ಚಾಕುವಿನ ತುದಿಯಿಂದ ಕೆರೆದು ತೆಗೆದರು. ಉಳಿದ ‘ಸ’ಕಾರದ ತಲೆಯ ಮೇಲೆ ಮಗಳು ತನ್ನ ಉಗುರುಬಣ್ಣದಲ್ಲಿ ಒಂದು ಗುಡಿಸು ಕಟ್ಟಿದಳು. ಈಗ ಅದು ‘ಕುದಿಸಿ’ ಎಂದಿದೆ. ತಾವು ಆ ಡಬ್ಬಿಯ ಮೇಲೆ ಬರೆದುದರಲ್ಲಿ ನಮ್ಮ ಮನೆಯಲ್ಲಿ ನಡೆಯುವುದು ಆ ಒಂದು ಮಾತು.